ಸಣ್ಣ ದನಿಯೂ ಪ್ರಿಆಂಪ್ಲಿಫಾಯರೂ

ಪ್ರಿಆಂಪ್ಲಿಫಾಯರ್ ಆರಿಸುವುದು ಈ ಪುಟಗಳಲ್ಲಿ ಬರೆಯುವಂಥ ಸಂಗತಿಯೇ ಎಂದು ಕೆಲವು ಗೆಳೆಯರು ಕೇಳಿಯೇ ಕೇಳುತ್ತಾರೆ. ಕೇಳಲಿ. 'ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು' ಎಂಬ ಗಾದೆಯನ್ನು ಒಬ್ಬ ಸಂಗಾತಿ ನಮ್ಮ ಮುಖಕ್ಕೇ ಹೇಳಿದ. ನಾವಂದೆವು: "ಜುಟ್ಟು ನಮಗ ಎಂದೂ ಇರಲಿಲ್ಲಪಾ. ಇದ್ದದ್ದು ಎರಡು ಕಿವಿ."

ಆ ಕಿವಿಗಳ ಕತೆ ಸಣ್ಣದಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ತವರ ಮತ್ತು ಅರಗು ತುಂಬಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿದೆ. ಶೂದ್ರನ ಪಾಡೇ ಇದಾದರೆ ಊರ ಹೊರಗಿನವರ ಪಾಡು ಕೇಳುವುದೇ ಬೇಡ. ಯಾರು ಏನು ಕೇಳಬೇಕು, ಎಲ್ಲಿ ನಿಂತು ಕೇಳಬೇಕು ಎಂಬುದನ್ನು ಈ ದೇಶದಲ್ಲಿ ಸಾವಿರಾರು ವರ್ಷ ಬೇರೆಯವರೇ ನಿಶ್ಚಯ ಮಾಡಿದರು. ಈಗ ನಮ್ಮ ಮನೆಯಲ್ಲಿ ಯಾವ ದನಿ ಎಷ್ಟು ಸ್ಪಷ್ಟವಾಗಿ ಕೇಳಬೇಕೆಂದು ನಾವೇ ಕೂತು ನಿಶ್ಚಯ ಮಾಡಿದರೆ ಅದನ್ನು ಶೋಕಿ ಅನ್ನುವವರು ಅನ್ನಲಿ.

ನಾವು ಅಂದರೆ ಮೂವರು, ಅಣ್ಣ ತಮ್ಮ ತಂಗಿ. ಒಬ್ಬ ಹಳ್ಳಿ ಸಾಲಿಯ ಮಾಸ್ತರಿಕೆ ಮುಗಿಸಿ ಪೆನ್ಶನ್ ಮೇಲಿದ್ದಾನೆ. ಒಬ್ಬ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಒಬ್ಬಾಕಿ ನರ್ಸ್. ಹಳೇ ಹುಬ್ಬಳ್ಳಿಯಲ್ಲಿ ಮೂರು ಖೋಲಿಯ ಮನೆ. ಆ ಮನೆಯಲ್ಲಿ ಒಂದು ತಗಡಿನ ಟ್ರಂಕು. ಟ್ರಂಕಿನೊಳಗೆ ನಲವತ್ತು ಚಿಲ್ಲರೆ ಕ್ಯಾಸೆಟ್ಟು, ಗುಜರಿಯವನ ಹತ್ತಿರ ಕಿಲೋ ಲೆಕ್ಕದಲ್ಲಿ ತಂದ ಹನ್ನೊಂದು ಎಪ್ಪತ್ತೆಂಟರ ರೆಕಾರ್ಡು, ನಾಲ್ಕಾರು ಎಲ್‌ಪಿ. ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಸಭೆಗಳವು, ಜಾಥಾಗಳವು. ಒಂದರ ಮೇಲೆ ಮಾಸಿದ ನೀಲಿ ಶಾಯಿಯಲ್ಲಿ 'ಅವ್ವ, ೧೯೮೬' ಎಂದು ಬರೆದಿದೆ.

ಅವ್ವ ಕುಂದಗೋಳ ತಾಲೂಕಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ, ಹತ್ತಿ ಬಿಡಿಸಿ ನಮ್ಮನ್ನು ಓದಿಸಿದಾಕಿ. ಬೀಸುಕಲ್ಲಿನ ದಾಟಿಗೆ ಬಾಬಾಸಾಹೇಬರ ಮೇಲೆ ತಾನೇ ಪದ ಕಟ್ಟಿದ್ದಳು. ೧೯೮೬ರಲ್ಲಿ ಊರ ಕೇರಿಯಲ್ಲಿ ಒಂದು ರಾತ್ರಿ ಸಭೆ ನಡೆದಾಗ ಅದನ್ನು ಹಾಡಿದಳು. ಯಾರೋ ಮಾಸ್ತರರೊಬ್ಬರು ಅಂಗೈಯಗಲದ ಟೇಪ್ ರೆಕಾರ್ಡರಿನಲ್ಲಿ ಹಿಡಿದರು. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಪದ ಬರೆದಿಟ್ಟವರಿಲ್ಲ. ಆಕಿಗೆ ಅಕ್ಷರ ಬರುತ್ತಿರಲಿಲ್ಲ. ಇರುವುದು ಆ ಕ್ಯಾಸೆಟ್ಟು ಒಂದೇ. ನಮ್ಮ ಹಳೆಯ ಟೂ-ಇನ್-ಒನ್‌ನಲ್ಲಿ ಹಾಕಿದರೆ ಮಳೆ ಸುರಿದಂಗ ಸುಂಯ್ ಅನ್ನುವ ಸದ್ದು. ಅದರ ಹಿಂದೆ ಎಲ್ಲೋ ದೂರದಾಗ ಅವ್ವ. ಈ ದನಿ ಕೇಳಬೇಕೆಂಬುದರಿಂದ ನಮ್ಮ ಪ್ರಿಆಂಪಿನ ಹುಡುಕಾಟ ಶುರುವಾಯಿತು.

ಪ್ರಿಆಂಪು ಅಂದರೇನೆಂದು ಸಭೆ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೆ. ಬೇವಿನ ಗಿಡಕ್ಕೆ ಚುಂಗು ಕಟ್ಟಿ, ಕೆಳಗೆ ಟೇಬಲ್ಲಿನ ಮೇಲೆ ಅಹುಜಾ ಪೆಟ್ಟಿಗೆ ಇಟ್ಟು ಸಭೆ ಮಾಡದ ಚಳವಳಿ ಯಾವುದು? ಮೈಕಿನಿಂದ ಬರುವುದು ಒಂದೆರಡು ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರ ಪಾಲಿನಲ್ಲಿ ಒಂದೆರಡು ಪಾಲು. ಚುಂಗಿಗೆ ಬೇಕಾದದ್ದು ಹತ್ತಾರು ವೋಲ್ಟ್. ನಡುವೆ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು, ಆ ಸಣ್ಣ ದನಿಯನ್ನು ಎತ್ತಿ ಅರ್ಧ-ಒಂದು ವೋಲ್ಟಿನ ಮಟ್ಟಕ್ಕೆ ತರುವುದು. ಯಾವ ಮೈಕು ಕೇಳಬೇಕು, ಎಷ್ಟು ಕೇಳಬೇಕು, ದಪ್ಪ ದನಿ ಎಷ್ಟು, ಚೂಪು ದನಿ ಎಷ್ಟು ಎಂದು ನಿಶ್ಚಯಿಸುವುದು. ಅದು ಪ್ರಿಆಂಪ್ಲಿಫಾಯರ್. ಎರಡನೆಯದು, ಹಾಗೆ ತಯಾರಾದ ದನಿಗೆ ತೋಳಬಲ ಕೊಟ್ಟು ಸ್ಪೀಕರನ್ನು ಅಲ್ಲಾಡಿಸುವುದು. ಅದು ಪವರ್ ಆಂಪ್ಲಿಫಾಯರ್. ಸಭೆಯ ಪೆಟ್ಟಿಗೆಯಲ್ಲಿ ಎರಡೂ ಒಂದೇ ಮನೆಯಲ್ಲಿರುತ್ತವೆ. ಮನೆಯ ಹೈಫೈಯಲ್ಲಿ ಕೂಡಿಯೂ ಇರಬಹುದು, ಬೇರೆ ಮನೆಯನ್ನೂ ಮಾಡಬಹುದು.

ಸಭೆಯಲ್ಲಿ ನಾಲ್ಕು ಮೈಕು ಇದ್ದಾಗ ಯಾವ ಗುಂಡಿ ಯಾರ ಕೈಯಲ್ಲಿದೆ ಎಂಬುದೇ ಒಂದು ರಾಜಕಾರಣ. ಅಧ್ಯಕ್ಷರ ಮೈಕು ಒಂಬತ್ತರ ಮೇಲೆ, ಹಾಡುವ ಹೆಣ್ಣುಮಗಳ ಮೈಕು ಮೂರರ ಮೇಲೆ ಇದ್ದದ್ದನ್ನು ನಾವು ಎಷ್ಟು ಸಭೆಗಳಲ್ಲಿ ನೋಡಿಲ್ಲ! ಆ ಗುಂಡಿಗಳಿರುವ ಭಾಗವೇ ಪ್ರಿಆಂಪು. ಗಟ್ಟಿ ಮಾಡುವ ಪೆಟ್ಟಿಗೆಗಿಂತ ಆರಿಸುವ ಪೆಟ್ಟಿಗೆಗೆ ಹೆಚ್ಚು ವಿಚಾರ ಬೇಕು.

ವಿಚಾರ ಮಾಡಿ ನಾವು ಅಂಗಡಿಗೆ ಹೋದೆವು. ಯಾವ ಅಂಗಡಿ, ಯಾವ ಪೇಟೆ ಬೇಡ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಪ್ರಿಆಂಪು ನೋಡಬೇಕಾಗಿತ್ತು ಅಂದೆವು. ಹುಡುಗ ನಗುನಗುತ್ತ ಬರೆದುಕೊಳ್ಳಲು ಹೆಸರು, ವಿಳಾಸ ಕೇಳಿದ. ಹೇಳಿದೆವು. ಓಣಿಯ ಹೆಸರು ಕೇಳಿದ ಕೂಡಲೇ ಅವನ ನಗೆಯ ಅಳತೆ ಬದಲಾಯಿತು. ಒಳಗಿನಿಂದ ಮಾಲಕರು ಬಂದರು. "ಏಪ್ರಿಲ್ ೧೪ ಹತ್ರ ಬಂತಲ್ರೀ, ನಿಮ್ಮ ಮಂದಿಗೆ ಡಿಜೆ ಸೆಟ್ ಬೇಕಾಗಿರತೈತಿ. ಈ ಕಡೆ ಬರ್ರಿ, ಎದಿ ನಡಗಬೇಕು ಅಂಥಾ ಬ್ಯಾಸ್ ಐತಿ" ಅಂದರು. ಬಯ್ಯಲಿಲ್ಲ, ಹೊರಗೆ ಹಾಕಲಿಲ್ಲ. ಪ್ರೀತಿಯಿಂದಲೇ ಹೇಳಿದರು. ನಮಗೆ ಏನು ಬೇಕೆಂಬುದು ನಮಗಿಂತ ಮೊದಲೇ ಅವರಿಗೆ ಗೊತ್ತಿತ್ತು.

ತಂಗಿ ಅಂದಳು: "ನಮಗ ಜೋರು ಬ್ಯಾಡ್ರಿ. ಸಣ್ಣ ದನಿ ಕೇಳಬೇಕು."

ಮಾಲಕರಿಗೆ ಅದು ತಿಳಿಯಲಿಲ್ಲ. ತಿಳಿಯದಿರುವುದರಲ್ಲಿ ಆಶ್ಚರ್ಯವೂ ಇಲ್ಲ. ನಮ್ಮ ಕೈಗೆ ಹಲಗಿ ಕೊಟ್ಟವರು ಊರ ಹಬ್ಬಕ್ಕೆ, ಊರ ಹೆಣಕ್ಕೆ ಬಾರಿಸಲು ಕೊಟ್ಟರು. ನಮ್ಮ ಜೋರು ಊರಿಗೆ ಬೇಕಾಗಿತ್ತು. ನಮ್ಮ ಮೆಲುದನಿ, ನಮ್ಮ ಹೆಂಗಸರು ಬೀಸುವಾಗ ಹಾಡಿದ್ದು, ಕೂಸು ಮಲಗಿಸುವಾಗ ಹಾಡಿದ್ದು, ಅದು ಯಾರಿಗೆ ಬೇಕಾಗಿತ್ತು? ಇವತ್ತು ಹಲಗಿಯ ಜಾಗದಲ್ಲಿ ಡಿಜೆ ಬಂದಿದೆ. ಡಿಜೆ ಬೇಡವೆಂದು ನಾವು ಹೇಳುವವರಲ್ಲ. ಬಾಬಾಸಾಹೇಬರ ಜಯಂತಿಯ ದಿನ ಓಣಿ ಕುಣಿಯಬೇಕು, ಕುಣಿಯಲಿ. ಆದರೆ ವರ್ಷದ ಉಳಿದ ದಿನ? ವ್ಯಾಟು ಎಷ್ಟು ಬೇಕಾದರೂ ಬಾಡಿಗೆಗೆ ಸಿಗುತ್ತದೆ. ಅವ್ವನ ಆ ಎರಡು ಮಿಲಿವೋಲ್ಟನ್ನು ಎತ್ತಿ ಕೇಳಿಸುವ ಪೆಟ್ಟಿಗೆಯನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ.

ಅಂಗಡಿ ಬಿಟ್ಟು ಧಾರವಾಡಕ್ಕೆ ಹೋದೆವು. ಅಲ್ಲಿ ಸಂಗೀತದ ಹುಚ್ಚಿರುವ ಹಿರಿಯರೊಬ್ಬರು, ಸಜ್ಜನರು. ನಮ್ಮನ್ನು ಒಳಗೆ ಕರೆದು ಚಹಾ ಕೊಟ್ಟು, ಮಲ್ಲಿಕಾರ್ಜುನ ಮನಸೂರರ ಎಲ್‌ಪಿ ಹಾಕಿದರು. ಕಣ್ಣು ಮುಚ್ಚಿದರೆ ಮನಸೂರರು ಎದುರಿಗೇ ಕೂತು ಹಾಡಿದಂತೆ ಇತ್ತು. ಸುಳ್ಳು ಹೇಳುವುದೇಕೆ, ಮೈ ಜುಂ ಅಂದಿತು. ಅವರ ಪ್ರಿಆಂಪಿಗೆ ಎರಡೇ ಗುಂಡಿ: ಒಂದು ಆರಿಸಲಿಕ್ಕೆ, ಒಂದು ಏರಿಸಲಿಕ್ಕೆ. ಬ್ಯಾಸ್ ಇಲ್ಲ, ಟ್ರೆಬಲ್ ಇಲ್ಲ. ಯಾಕೆಂದು ಕೇಳಿದೆವು. "ಸಿಗ್ನಲ್ ಶುದ್ಧ ಇರಬೇಕ್ರಿ. ರೆಕಾರ್ಡಿನಾಗ ಇದ್ದದ್ದು ಇದ್ದಂಗ ಬರಬೇಕು. ನಡುವ ಯಾವುದೂ ಮುಟ್ಟಬಾರದು" ಅಂದರು. ಅವರ ಪ್ರಿಆಂಪಿನ ಬೆಲೆ ತಂಗಿಯ ಮೂರು ತಿಂಗಳ ಪಗಾರ. ಬೆಳ್ಳಿಯ ತಂತಿಯ ಬೆಲೆ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಶುದ್ಧ, ಮುಟ್ಟಬಾರದು. ಈ ಎರಡು ಶಬ್ದ ಕೇಳಿದರೆ ನಮ್ಮ ಕಿವಿ ತಾನಾಗಿ ನಿಮಿರುತ್ತದೆ. ಹೈಫೈ ಜಗತ್ತಿಗೂ ಒಂದು ಮಡಿ ಇದೆ. ಟೋನ್ ಕಂಟ್ರೋಲ್ ಮೈಲಿಗೆ, ಐಸಿ ಮೈಲಿಗೆ, ಹೆಚ್ಚು ಗುಂಡಿ ಮೈಲಿಗೆ. ಈ ಮಡಿ ಎಷ್ಟು ಖರೆ? ಐಸಿ ೫೫೩೨ ಎಂಬುದೊಂದಿದೆ. ಎಂಟು ಕಾಲಿನ ಕರಿ ಜಿರಲೆಯಂಥದ್ದು. ೧೯೭೦ರ ದಶಕದ ಕೊನೆಗೆ ಬಂದಿತು. ಇವತ್ತು ಒಂದು ಊಟದ ಬೆಲೆಗಿಂತ ಅಗ್ಗ. ಜಗತ್ತಿನ ಎಷ್ಟೋ ಸ್ಟುಡಿಯೋಗಳ ಮಿಕ್ಸರುಗಳಲ್ಲಿ ಇದೇ ಡಜನ್ ಡಜನ್ ಕೂತಿದೆ. ಶುದ್ಧ ಸಿಗ್ನಲ್ಲಿನವರು ಕಣ್ಣು ಮುಚ್ಚಿ ಕೇಳುವ ಎಷ್ಟೋ ರೆಕಾರ್ಡುಗಳು ಈ ಜಿರಲೆಗಳ ಹೊಟ್ಟೆಯೊಳಗೆ ಹಾದೇ ಅವರ ಮನೆಗೆ ಬಂದಿರುತ್ತವೆ. ಹೊಲದಾಗ ಬೆವರು ಸುರಿಸಿದವನ ಜೋಳ ಪಡಸಾಲೆಗೆ ಬಂದ ಮೇಲೆ ಮಡಿಯಾದಂತೆ.

ಆದರೆ ಹಿರಿಯರ ಮಾತನ್ನು ಬರೀ ಚೇಷ್ಟೆ ಮಾಡಿ ಬಿಡುವುದು ನ್ಯಾಯವಲ್ಲ. ಅವರ ರೆಕಾರ್ಡುಗಳಿಗೆ ಅವರ ಪ್ರಿಆಂಪು ಸರಿಯಾದದ್ದೇ. ಒಳ್ಳೆ ಸ್ಟುಡಿಯೋ, ಒಳ್ಳೆ ಮೈಕು, ಒಳ್ಳೆ ಕಪಾಟು, ಒಬ್ಬರ ಕೈಯಿಂದ ಒಬ್ಬರ ಕೈಗೆ ಜೋಪಾನವಾಗಿ ಬಂದ ದನಿ. ಅದಕ್ಕೆ ಏನೂ ಮಾಡಬೇಕಾಗಿಲ್ಲ, ದಾರಿ ಬಿಟ್ಟರೆ ಸಾಕು. ನಮ್ಮ ದನಿಗಳ ಪಾಡು ಬೇರೆ. ಅಗ್ಗದ ಟೇಪು, ಕೈಯಲ್ಲಿ ಹಿಡಿದ ರೆಕಾರ್ಡರು, ಸೋರುವ ಮನೆ, ತಗಡಿನ ಟ್ರಂಕು. ಇದ್ದದ್ದನ್ನು ಇದ್ದಂಗ ಬಿಟ್ಟರೆ ಬರುವುದು ಅವ್ವ ಅಲ್ಲ, ಮಳಿ ಸದ್ದು. ಹೈ ಫಿಡೆಲಿಟಿ ಅಂದರೆ ಹೆಚ್ಚಿನ ನಿಷ್ಠೆ. ಯಾರಿಗೆ ನಿಷ್ಠೆ? ಟೇಪಿಗೋ, ಹಾಡಿದವಳಿಗೋ?

ಈ ಪ್ರಶ್ನೆಗೆ ಉತ್ತರ ಪ್ರಿಆಂಪಿನೊಳಗೇ ಇದೆ. ಗ್ರಾಮಫೋನ್ ಪಿನ್ನಿನ ತಲೆಯಿಂದ ಬರುವ ಸಿಗ್ನಲ್ ಸುಮಾರು ಐದು ಮಿಲಿವೋಲ್ಟ್. ಕ್ಯಾಸೆಟ್ ಡೆಕ್ಕಿನಿಂದ ಹೊರಬರುವುದು ಅರ್ಧ ವೋಲ್ಟಿನ ಆಸುಪಾಸು. ಸಿಡಿ ಪ್ಲೇಯರಿನಿಂದ ಎರಡು ವೋಲ್ಟ್. ಮೂವರಿಗೂ ಒಂದೇ ಅಳತೆ ಅಂದರೆ ಏನಾಗುತ್ತದೆ? ಸಿಡಿ ಒದರುತ್ತದೆ, ಪಿನ್ನಿನ ದನಿ ಸತ್ತೇ ಹೋಗುತ್ತದೆ. ಅದಕ್ಕೇ ಸರಿಯಾದ ಪ್ರಿಆಂಪು ಪಿನ್ನಿನ ದಾರಿಗೆ ಮೊದಲು ನೂರು ಪಟ್ಟು ಎತ್ತುವ ಒಂದು ಮೆಟ್ಟಿಲು ಕಟ್ಟುತ್ತದೆ. ಸಿಡಿಯ ದನಿಯನ್ನು ಎತ್ತುವುದಿರಲಿ, ಬಹಳ ಸಲ ತಗ್ಗಿಸುತ್ತದೆ. ಇದನ್ನು ಯಾವ ಇಂಜಿನಿಯರನೂ ಪಕ್ಷಪಾತ ಅನ್ನುವುದಿಲ್ಲ, 'ಮೆರಿಟ್ ಕೆಟ್ಟಿತು' ಎಂದು ಬೊಬ್ಬೆ ಹೊಡೆಯುವುದಿಲ್ಲ.

ಇನ್ನೊಂದು ಮಾತು. ಎಲ್‌ಪಿ ಕೊರೆಯುವಾಗ ದಪ್ಪ ದನಿಯನ್ನು ಬೇಕಂತಲೇ ಅಮುಕುತ್ತಾರೆ, ಇಲ್ಲದಿದ್ದರೆ ಗೆರೆ ಪಕ್ಕದ ಗೆರೆಗೆ ಹಾಯುತ್ತದೆ. ಚೂಪು ದನಿಯನ್ನು ಬೇಕಂತಲೇ ಎತ್ತುತ್ತಾರೆ, ಇಲ್ಲದಿದ್ದರೆ ತಟ್ಟೆಯ ಸರಸರ ಅದನ್ನು ನುಂಗುತ್ತದೆ. ಎಷ್ಟು ಅಮುಕಬೇಕು, ಎಷ್ಟು ಎತ್ತಬೇಕು ಎಂಬ ಲೆಕ್ಕವನ್ನು ೧೯೫೪ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ನಿಗದಿ ಮಾಡಿತು. ಅದರ ಹೆಸರೇ ಆರ್‌ಐಎಎ. ಕೇಳುವಾಗ ಪ್ರಿಆಂಪು ಆ ಲೆಕ್ಕವನ್ನು ಉಲ್ಟಾ ಮಾಡಬೇಕು: ೨೦ ಹರ್ಟ್ಸಿನ ದಪ್ಪ ದನಿಯನ್ನು ನಡುವಿನ ದನಿಗಿಂತ ಸುಮಾರು ಹತ್ತು ಪಟ್ಟು ಎತ್ತಬೇಕು, ೨೦,೦೦೦ ಹರ್ಟ್ಸಿನದನ್ನು ಸುಮಾರು ಹತ್ತು ಪಟ್ಟು ಇಳಿಸಬೇಕು. ಅಮುಕಿದ್ದನ್ನು ಅಮುಕಿದಷ್ಟೇ ಎತ್ತಿದಾಗ ಮಾತ್ರ ಮನಸೂರರು ಮನಸೂರರಾಗಿ ಕೇಳುತ್ತಾರೆ. 'ಯಾವುದೂ ಮುಟ್ಟಬಾರದು' ಎಂದ ಹಿರಿಯರ ಪ್ರಿಆಂಪೂ ಇದನ್ನು ಪ್ರತಿ ಕ್ಷಣ ಮಾಡುತ್ತಲೇ ಇತ್ತು. ಅವರ ದನಿಗೆ ಆಗುವ ತಿದ್ದುಪಡಿ ಪೆಟ್ಟಿಗೆಯೊಳಗೆ ಅಡಗಿದೆ, ಅದಕ್ಕೆ ಅದು ಶುದ್ಧ. ನಮ್ಮ ದನಿಗೆ ಬೇಕಾದ ತಿದ್ದುಪಡಿಗೆ ಹೊರಗೆ ಗುಂಡಿ ಬೇಕು, ಅದಕ್ಕೆ ಅದು ಮೈಲಿಗೆ.

ಹೀಗೆ ನಮ್ಮ ಪ್ರಿಆಂಪಿಗೆ ಶರತ್ತುಗಳನ್ನು ನಾವೇ ಬರೆದೆವು.

ಒಂದು, ಪಿನ್ನಿನ ತಲೆಗೆ ಬೇರೆ ದಾರಿ ಇರಬೇಕು; ೪೭ ಕಿಲೋಓಮ್ ಇನ್‌ಪುಟ್, ನೂರು ಪಟ್ಟು ಗೇನ್. ಎರಡು, ಬ್ಯಾಸ್ ಮತ್ತು ಟ್ರೆಬಲ್ ಗುಂಡಿ ಇರಬೇಕು, ಬೇಡವಾದಾಗ ಅವುಗಳನ್ನು ದಾಟಿ ಹೋಗುವ ಸ್ವಿಚ್ಚೂ ಇರಬೇಕು. ಮೂರು, ಮೊನೊ ಸ್ವಿಚ್ ಇರಲೇಬೇಕು. ನಾಲ್ಕು, ದನಿ ಸಣ್ಣದಿಟ್ಟಾಗಲೂ ಎಡ ಬಲ ಎರಡೂ ಸಮ ಬರಬೇಕು. ಅಗ್ಗದ ವಾಲ್ಯೂಮ್ ಗುಂಡಿಗಳು ಕೆಳಗಿನ ಮಟ್ಟದಲ್ಲಿ ಒಂದು ಕಡೆ ವಾಲುತ್ತವೆ. ಐದು, ಏನೂ ಹಾಡದಿರುವಾಗ ಏನೂ ಕೇಳಬಾರದು.

ಮೊನೊ ಸ್ವಿಚ್ಚಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಇವತ್ತಿನ ಅಂಗಡಿ ಪ್ರಿಆಂಪುಗಳಲ್ಲಿ ಅದು ಸಿಗುವುದೇ ಅಪರೂಪ. ಎಪ್ಪತ್ತೆಂಟರ ರೆಕಾರ್ಡಿನ ಗೆರೆಯಲ್ಲಿ ಹಾಡು ಅಡ್ಡಡ್ಡ ಬರೆದಿದೆ. ಸ್ಟೀರಿಯೋ ಪಿನ್ನು ಅಡ್ಡವನ್ನೂ ಓದುತ್ತದೆ, ಮೇಲೆ ಕೆಳಗೆ ಕುಣಿಯುವುದನ್ನೂ ಓದುತ್ತದೆ. ಮೇಲೆ ಕೆಳಗೆ ಇರುವುದು ಬರೀ ಸವೆತ, ಧೂಳು, ಗದ್ದಲ. ಎಡ ಬಲ ಕೂಡಿಸಿದರೆ ಆ ಗದ್ದಲ ಒಂದಕ್ಕೊಂದು ಹೊಡೆದು ಬಹಳಷ್ಟು ಹೋಗುತ್ತದೆ, ಹಾಡು ಉಳಿಯುತ್ತದೆ. ಮೊನೊ ರೆಕಾರ್ಡರಿನಲ್ಲಿ ತುಂಬಿದ ಕ್ಯಾಸೆಟ್ಟಿಗೂ ಅಷ್ಟೆ. ಎರಡೂ ಕಡೆ ಇರುವ ಒಂದೇ ದನಿ ಕೂಡಿ ಗಟ್ಟಿಯಾಗುತ್ತದೆ. ಸುಂಯ್ ಸದ್ದು ಎರಡೂ ಕಡೆ ಬೇರೆ ಬೇರೆ ಇರುವುದರಿಂದ ಅಷ್ಟು ಕೂಡುವುದಿಲ್ಲ. ಒಂದು ದನಿಯವರು ಒಟ್ಟುಗೂಡಿದರೆ ಗದ್ದಲ ಹಿಂದೆ ಸರಿಯುತ್ತದೆ ಎಂಬುದನ್ನು ಸಂಘಟನೆಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪೆಟ್ಟಿಗೆ ನಮ್ಮ ಕೈಗೆಟುಕುವ ಬೆಲೆಗೆ ಸಿಗಲಿಲ್ಲ. ಹಾಗಾದರೆ ಕಟ್ಟುವುದು. ವರ್ಕ್‌ಶಾಪಿನ ತಮ್ಮನಿಗೆ ಕಾವಲಿ ಬೆಸುಗೆಯ ಕೈಯಿದೆ. ಓಣಿಯ ಐಟಿಐ ಹುಡುಗನೊಬ್ಬ ಜೊತೆಯಾದ. ಟೋನ್ ಕಂಟ್ರೋಲಿನ ನಕ್ಷೆ ಹೊಸದೇನಲ್ಲ. ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲೆಂಡಿನ ಇಂಜಿನಿಯರ್ ೧೯೫೨ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸಿದ. ಓದಿದವರು ಕಟ್ಟಿದರು, ಕಟ್ಟಿದವರು ಇನ್ನೊಬ್ಬರಿಗೆ ತೋರಿಸಿದರು. ಜಗತ್ತಿನ ಲೆಕ್ಕವಿಲ್ಲದಷ್ಟು ಆಂಪ್ಲಿಫಾಯರುಗಳಲ್ಲಿ ಅದೇ ನಕ್ಷೆ ಕೂತಿತು. ವಿದ್ಯೆಯನ್ನು ಕಿವಿಯಲ್ಲಿ ಗುಟ್ಟಾಗಿ ಹೇಳುವ ಪದ್ಧತಿಗೂ, ನಾಲ್ಕಾಣೆಯ ಪತ್ರಿಕೆಯಲ್ಲಿ ಅಚ್ಚು ಹಾಕಿ ಬೀದಿಗೆ ಬಿಡುವ ಪದ್ಧತಿಗೂ ಇರುವ ಅಂತರವನ್ನು ಸಣ್ಣ ಪತ್ರಿಕೆ ಓದುವವರು ಬಲ್ಲರು.

ನಾಲ್ಕು ೫೫೩೨, ಒಂದು ಪರ್ಸೆಂಟಿನ ಮೆಟಲ್ ಫಿಲ್ಮ್ ರೆಸಿಸ್ಟರು, ಪಾಲಿಯೆಸ್ಟರ್ ಕೆಪಾಸಿಟರು. ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಯಲ್ಲಿ ದೂರ ಇಟ್ಟೆವು, ಇಲ್ಲದಿದ್ದರೆ ೫೦ ಹರ್ಟ್ಸಿನ ಗುಂಯ್ ಪಿನ್ನಿನ ದಾರಿಗೆ ಹಾರುತ್ತದೆ. ಎಲ್ಲ ಅರ್ಥ್ ತಂತಿಗಳನ್ನೂ ಒಂದೇ ಗೂಟಕ್ಕೆ ತಂದು ಕಟ್ಟಿದೆವು. ಆದರೂ ಗುಂಯ್ ನಿಲ್ಲಲಿಲ್ಲ. ಹುಡುಕಿದರೆ ಗೋಡೆಯ ಪ್ಲಗ್ಗಿನ ಮೂರನೇ ತೂತಿಗೆ ತಂತಿಯೇ ಇಲ್ಲ! ಓಣಿಯ ಮನೆ ಮನೆ ನೋಡಿದೆವು, ಎಷ್ಟೋ ಮನೆಗಳಲ್ಲಿ ಇದೇ ಕತೆ. ಕರೆಂಟು ಕೊಟ್ಟಿದ್ದಾರೆ, ನೆಲ ಕೊಟ್ಟಿಲ್ಲ. ಭೂಮಿ ಇಲ್ಲದವರ ಮನೆಯ ಪ್ಲಗ್ಗಿಗೂ ಭೂಮಿ ಇಲ್ಲ. ಹಿತ್ತಲಲ್ಲಿ ಆಳೆತ್ತರ ಗುಂಡಿ ತೋಡಿ, ಜಿಐ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹುಯ್ದು ನಮ್ಮ ಭೂಮಿ ನಾವೇ ಮಾಡಿಕೊಂಡೆವು. ಎಡಬಲದ ಎರಡು ಮನೆಯವರಿಗೂ ಅದರಿಂದಲೇ ತಂತಿ ಎಳೆದೆವು. ಗುಂಯ್ ನಿಂತಿತು. ಅವರ ಮಿಕ್ಸರು, ಫ್ರಿಜ್ಜು ಮುಟ್ಟಿದಾಗ ಜುಮ್ಮೆನ್ನುವುದೂ ನಿಂತಿತು.

ಮೊದಲು ಹಾಕಿದ್ದು ಎಪ್ಪತ್ತೆಂಟರ ಒಂದು ತಟ್ಟೆ, ಗಂಗೂಬಾಯಿ ಹಾನಗಲ್ಲರದು. ೧೯೩೦ರ ದಶಕದ ಅವರ ತಟ್ಟೆಗಳ ಮೇಲೆ 'ಗಾಂಧಾರಿ' ಎಂದು ಹೆಸರು. ಇವುಗಳಿಗೆ ಎಲ್‌ಪಿಯ ಪಿನ್ನು ನಡೆಯುವುದಿಲ್ಲ, ಸುಮಾರು ನಾಲ್ಕು ಪಟ್ಟು ದಪ್ಪದ ಪಿನ್ನು ಬೇಕು. ೧೯೫೪ರ ಲೆಕ್ಕವೂ ಇವಕ್ಕೆ ಒಪ್ಪುವುದಿಲ್ಲ. ಆಗ ಕಂಪನಿಗೊಂದು ಲೆಕ್ಕ ಇತ್ತು. ಮೈಲಿಗೆಯ ಟೋನ್ ಗುಂಡಿಗಳೇ ಕೈಹಿಡಿದವು. ಮೊನೊ ಒತ್ತಿ, ಟ್ರೆಬಲ್ ಸ್ವಲ್ಪ ತಿದ್ದಿದಾಗ ಸರಸರದ ಹಿಂದಿನಿಂದ ಎಳೆಯ ದನಿಯೊಂದು ಎದ್ದು ಬಂತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ, ನಾವೆಲ್ಲ ಬಲ್ಲ ಆ ಗಂಡುದನಿಯ ಮೊದಲಿನ ದನಿ ಅದು.

ಈ ಗಂಗೂಬಾಯಿ ಸಣ್ಣಾಕಿಯಿದ್ದಾಗ ಗ್ರಾಮಫೋನಿನ ದನಿ ಕೇಳಿಬಂದರೆ ಓಡಿಹೋಗಿ ಬೀದಿಯಲ್ಲಿ ನಿಂತು ಕೇಳುತ್ತಿದ್ದರು. ಹಾಡುವವಳ ಮಗಳು ಮೇಲ್ಜಾತಿಯವರ ಹಿತ್ತಲಿಗೆ ಕಾಲಿಟ್ಟಳೆಂದು ಬೈಸಿಕೊಂಡರು. ೧೯೨೪ರಲ್ಲಿ ಗಾಂಧಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತ ಗೀತೆ ಹಾಡಲು ಹೋದಾಗ ಹನ್ನೊಂದು ವರ್ಷದ ಹುಡುಗಿಗೆ ಇದ್ದ ಅಂಜಿಕೆ ಹಾಡಿನದಲ್ಲ. ಊಟವಾದ ಮೇಲೆ ಎಲೆ ಎತ್ತಲು ಹೇಳಿಯಾರೆಂಬುದು. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ೨೦೦೯ರಲ್ಲಿ ಅವರು ತೀರಿಕೊಂಡಾಗ ಹುಬ್ಬಳ್ಳಿಯ ಬೀದಿಗಳು ತುಂಬಿದ್ದವು. ಬೀದಿಯಲ್ಲಿ ನಿಂತು ಕೇಳಿದವರ ದನಿ ಇವತ್ತು ನಮ್ಮ ಮನೆಯೊಳಗೆ, ನಾವು ಕಟ್ಟಿದ ಪೆಟ್ಟಿಗೆಯಲ್ಲಿ.

ಆ ತಟ್ಟೆ ಯಾವುದರಿಂದ ಆದದ್ದು ಗೊತ್ತೇನು? ಅರಗಿನಿಂದ. ಎಪ್ಪತ್ತೆಂಟರ ರೆಕಾರ್ಡುಗಳಿಗೆ ಜಗತ್ತಿಗೆಲ್ಲ ಅರಗು ಹೆಚ್ಚಾಗಿ ಹೋದದ್ದು ಈ ದೇಶದಿಂದ. ಛೋಟಾನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಗಿಡದ ಟೊಂಗೆಯಿಂದ ಕೆರೆದು ತೆಗೆದ ಅರಗು. ನಮ್ಮ ಪ್ರಿಆಂಪಿನ ಪ್ರತಿ ಬೆಸುಗೆಯಲ್ಲಿರುವುದು ತವರ. ಗೌತಮ ಧರ್ಮಸೂತ್ರ ಕಿವಿ ಮುಚ್ಚಲಿಕ್ಕೆ 'ತ್ರಪು' ಮತ್ತು 'ಜತು', ತವರ ಮತ್ತು ಅರಗು ಅಂದಿತ್ತು. ಅವೇ ಎರಡು ವಸ್ತು ನಮ್ಮ ಕೈಯಲ್ಲಿ ಕಿವಿ ತೆರೆಯಲಿಕ್ಕೆ ಬಂದವು. ಇದನ್ನು ನಾವು ಕಾವ್ಯಕ್ಕೆ ಹೇಳುತ್ತಿಲ್ಲ. ವಸ್ತುವಿಗೆ ಜಾತಿಯಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಎರಡನೆಯದಾಗಿ ಮೊಬೈಲು ಜೋಡಿಸಿ ಬಾಬಾಸಾಹೇಬರ ದನಿ ಕೇಳಿದೆವು. ಬಿಬಿಸಿ ೧೯೫೫ರಲ್ಲಿ ಮಾಡಿದ ಸಂದರ್ಶನ. ಮೊಬೈಲಿನ ಕಿರು ಸ್ಪೀಕರಿನಲ್ಲಿ ಅದನ್ನು ಎಷ್ಟೋ ಸಲ ಕೇಳಿದ್ದೆವು. ಈಗ ಎದೆಯ ಆಳದ ದನಿ ಬಂತು, ಮಾತಿನ ನಡುವಿನ ಉಸಿರು ಬಂತು. ೧೯೨೦ರ ದಶಕದ ಕೊನೆಗೆ ಧಾರವಾಡದಲ್ಲಿ ನಮ್ಮ ಹುಡುಗರಿಗಾಗಿ ವಸತಿನಿಲಯ ತೆರೆಸಿದ ಮನುಷ್ಯ ಇವರೇ, ದಣಿದ ಹಿರಿಯರಾಗಿ, ಆದರೂ ಒಂದು ಮಾತನ್ನೂ ತಗ್ಗಿಸದೆ ಎದುರು ಕೂತು ಮಾತಾಡಿದಂತೆ. ಓಣಿಯ ಹುಡುಗರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರ್ರೆಂದೆವು. ನಮ್ಮ ಮನೆಯಲ್ಲಿ ಹೊರಗೆ ನಿಂತು ಕೇಳುವ ಪದ್ಧತಿ ಇಲ್ಲ.

ಕೊನೆಗೆ ಅವ್ವ. ಮೊದಲು ಮೊನೊ ಒತ್ತಿದೆವು. ಟೇಪಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆವು. ಆ ಮಾಸ್ತರರ ರೆಕಾರ್ಡರಿನ ಹೆಡ್ಡು ಯಾವ ವಾರೆಯಲ್ಲಿತ್ತೋ ಅದೇ ವಾರೆಗೆ ನಮ್ಮ ಹೆಡ್ಡು ಬಂದಾಗ ದನಿಯ ಮೇಲಿನ ಕಂಬಳಿ ಎತ್ತಿದಂತಾಯಿತು. ಬಳಿ ಸದ್ದು ಕೇಳಿಸಿತು. ಹಸಿರು ಗಾಜಿನ ಬಳಿ, ಕೈ ಎತ್ತಿ ಹಾಡುವಾಗಿನದು. ಟ್ರೆಬಲ್ ಕೊಂಚ ಇಳಿಸಿ ಸುಂಯ್ ತಗ್ಗಿಸಿದೆವು, ನಡುವಿನ ದನಿಯನ್ನು ಮುಟ್ಟಲಿಲ್ಲ.

ಎಲ್ಲ ಬಂತೆಂದು ಹೇಳುವುದಿಲ್ಲ. ಆ ಸಣ್ಣ ರೆಕಾರ್ಡರುಗಳಲ್ಲಿ ದನಿಯ ಮಟ್ಟವನ್ನು ಯಂತ್ರವೇ ಏರಿಸಿ ಇಳಿಸುತ್ತದೆ. ಹಲಗಿಯ ಪೆಟ್ಟು ಬಿದ್ದ ಕೂಡಲೇ ಅದು ಅಂಜಿ ಎಲ್ಲವನ್ನೂ ತಗ್ಗಿಸುತ್ತದೆ, ಅವ್ವ ಮುಳುಗುತ್ತಾಳೆ, ನಿಧಾನ ಮತ್ತೆ ಏಳುತ್ತಾಳೆ, ಮತ್ತೆ ಪೆಟ್ಟು. ಮುಳುಗಿದಾಗಿನ ಶಬ್ದಗಳು ಕೆಲವು ಹೋದವು. ಟೇಪಿನ ಮೇಲೆ ಬೀಳದ್ದನ್ನು ಯಾವ ಪ್ರಿಆಂಪೂ ತರಲಾರದು. ಆದರೆ ಮೂವತ್ತು ವರ್ಷ ನಮಗೆ ಕೇಳದೇ ಇದ್ದ ಒಂದು ಮಾತು, ಪದ ಶುರುವಾಗುವ ಮೊದಲು, ಸ್ಪಷ್ಟ ಕೇಳಿತು. ಹಲಗಿ ಬಾರಿಸುವವನಿಗೆ ಅವ್ವ ಹೇಳುತ್ತಾಳೆ: "ಸಾವಕಾಶ ಬಾರಸಪಾ ತಮ್ಮಾ, ನನ್ನ ದನಿ ಸಣ್ಣದೈತಿ."

ತಂಗಿ ಎದ್ದು ಅಡಿಗಿ ಮನೆಗೆ ಹೋದಳು. ನಾವು ಟೇಪು ಹಿಂದಕ್ಕೆ ತಿರುಗಿಸಿ ಪದವನ್ನು ಒಂದೊಂದೇ ಸಾಲು ಬರೆದುಕೊಂಡೆವು. ಹದಿನಾರು ಸಾಲು ಸಿಕ್ಕವು.

ಈಗ ಓದುವ ಮಾಸ್ತರರಿಗೆ, ವಿದ್ಯಾರ್ಥಿಗಳಿಗೆ, ಸಂಗಾತಿಗಳಿಗೆ ಹೇಳುವುದಿಷ್ಟು. ಎಪ್ಪತ್ತು ಎಂಬತ್ತರ ದಶಕದಲ್ಲಿ ಯಾರು ಯಾರೋ ಟೇಪ್ ರೆಕಾರ್ಡರ್ ಹೊತ್ತು ಸಭೆಗಳಿಗೆ ಬಂದರು. ಆ ಕ್ಯಾಸೆಟ್ಟು ನಿಮ್ಮ ಮಾಡದಾಗ, ಟ್ರಂಕಿನಾಗ, ಸಾಲಿಯ ಕಪಾಟಿನಾಗ ಇನ್ನೂ ಅದಾವು. ಸಾದಾ ಟೇಪಿನ ಮೇಲಿರುವ ಕಂದು ಲೇಪ ಕಬ್ಬಿಣದ ಆಕ್ಸೈಡು, ತುಕ್ಕಿನ ಬಳಗ; ನಮ್ಮವರ ದನಿ ತುಕ್ಕಿನ ಮೇಲೆ ಬರೆದಿದೆ. ಬಿಸಿಲಿಗೆ, ಸ್ಪೀಕರಿನ ಅಯಸ್ಕಾಂತದ ಹತ್ತಿರ ಇಡಬೇಡ್ರಿ. ಹಿಂದಿನ ಎರಡು ಪ್ಲಾಸ್ಟಿಕ್ ಹಲ್ಲು ಮುರೀರಿ, ಮೇಲೆ ಯಾರೂ ಸಿನಿಮಾ ಹಾಡು ತುಂಬೂದಿಲ್ಲ. ಹಾಕುವ ಮುಂಚೆ ಒಂದು ಸಲ ಪೂರಾ ಮುಂದಕ್ಕ, ಪೂರಾ ಹಿಂದಕ್ಕ ಸುತ್ತರಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರಸರಿ. ಪ್ರಿಆಂಪು ಕೊಳ್ಳುವುದಾದರೆ ದೀಪ, ಮೀಟರು, ಬಂಗಾರದ ಲೇಪ ನೋಡಬೇಡ್ರಿ. ಮೊನೊ ಸ್ವಿಚ್ ಐತೇನು, ಟೋನ್ ಗುಂಡಿ ಅದಾವೇನು, ಪಿನ್ನಿನ ದಾರಿ ಐತೇನು, ಸುಮ್ಮನಿದ್ದಾಗ ಸುಮ್ಮನಿರತೈತೇನು, ಇಷ್ಟು ಕೇಳ್ರಿ. ಹಳೆಯ ಇಂಟಿಗ್ರೇಟೆಡ್ ಆಂಪ್ಲಿಫಾಯರುಗಳಲ್ಲಿ ಇವೆಲ್ಲ ಒಟ್ಟಿಗೆ ಸಿಗುವುದುಂಟು. ಸಿಗದಿದ್ದರೆ ಕಟ್ಟರಿ. ಕೇಳಿದ ಕೂಡಲೇ ಕಂಪ್ಯೂಟರಿಗೆ ಇಳಿಸಿಕೊಳ್ರಿ, ಪದಗಳನ್ನು ಕಾಗದಕ್ಕೆ ಬರಕೊಳ್ರಿ, ಹಾಡಿದವರ ಹೆಸರು, ಊರು, ವರ್ಷ ಮರೀಬೇಡ್ರಿ.

ನಮ್ಮ ಪ್ರಿಆಂಪಿನ ನಕ್ಷೆ ಎರಡು ಹಾಳೆಯಲ್ಲಿದೆ. ಬೇಕಾದವರು ಬರ್ರಿ, ಪ್ರತಿ ಮಾಡಿಕೊಡುತ್ತೇವೆ. ಬರುವಾಗ ಕ್ಯಾಸೆಟ್ಟು ತರ್ರಿ.